ಮನೆಯ ನಿಸ್ತಂತು ಜಾಲದ ಭದ್ರತೆ

ಮನೆಯ ನಿಸ್ತಂತು ಜಾಲದ ಭದ್ರತೆ ಎಂಬುದು ವೈ-ಫೈ ರೂಟರಿನ ಮೂಲಕ ಅಂತರಜಾಲ ಬಳಸುವ ಮನೆಗಳಲ್ಲಿ, ಪರರು ಆ ಜಾಲವನ್ನು ಸೇರದಂತೆಯೂ ಅದರಲ್ಲಿ ಸಾಗುವ ದತ್ತಾಂಶವನ್ನು ಓದದಂತೆಯೂ ತಡೆಯುವ ಕ್ರಮಗಳ ಒಟ್ಟು ಹೆಸರು. ತಂತಿಯ ಜಾಲವನ್ನು ಸೇರಬೇಕಾದರೆ ಮನೆಯೊಳಗೆ ಕಾಲಿಡಬೇಕು. ರೇಡಿಯೊ ಅಲೆಗಳಾದರೋ ಗೋಡೆಯನ್ನು ದಾಟಿ ಬೀದಿಗೂ ನೆರೆಮನೆಗೂ ತಲುಪುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿರುವೆಡೆ, ಒಂದೇ ಕೋಣೆಯಲ್ಲಿ ನಿಂತವರ ಮೊಬೈಲಿನಲ್ಲಿ ಹಲವು ಜಾಲಗಳ ಹೆಸರು ಕಾಣಿಸುವುದು ಇದರಿಂದಲೇ.

ಭಾರತದಲ್ಲಿ ಗಮನಕ್ಕೆ ಬಂದ ಬಗೆ

2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆಯೊಂದು ತಲುಪಿತು. ಅದರ ಐಪಿ ವಿಳಾಸದ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ ಬಂದರು. ಅವರ ರೂಟರಿಗೆ ಸರಿಯಾದ ರಕ್ಷಣೆ ಇಲ್ಲದಿದ್ದುದರಿಂದ ಹೊರಗಿನವರು ಆ ಸಂಪರ್ಕವನ್ನು ಬಳಸಿಕೊಂಡಿದ್ದರೆಂಬುದು ಅನಂತರ ತಿಳಿದುಬಂತಾದರೂ, ಮನೆಯವರು ಅಷ್ಟರಲ್ಲಿ ವಿಚಾರಣೆಯನ್ನು ಎದುರಿಸಬೇಕಾಯಿತು. ಒಂದು ರೂಟರಿನ ಹಿಂದಿರುವ ಎಲ್ಲ ಸಾಧನಗಳೂ ಹೊರಜಗತ್ತಿಗೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ ಗೋಚರಿಸುತ್ತವೆ. ಆದುದರಿಂದ ಯಾರು ಬಳಸಿದರೂ ಮೊದಲ ಸಂಶಯ ಬೀಳುವುದು ಚಂದಾದಾರರ ಮೇಲೆ. 2009ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ವೈ-ಫೈಯ ಸುರಕ್ಷಿತ ಬಳಕೆಯ ಕುರಿತು ಅಂತರಜಾಲ ಸೇವಾ ಕಂಪನಿಗಳಿಗೆ ಸೂಚನೆಗಳನ್ನು ಹೊರಡಿಸಿತು.

ಗೂಢಲಿಪಿಯ ಪದ್ಧತಿಗಳು

ಮೊದಲ ಪದ್ಧತಿಯಾದ ಡಬ್ಲ್ಯುಇಪಿ 1997ರ ಮಾನಕದೊಡನೆ ಬಂದಿತು. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಅದರ ಮೂಲದಲ್ಲಿಯೇ ದೋಷವನ್ನು ತೋರಿಸಿದರು. ಇಂದು ಅದನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು. 2003ರ ಡಬ್ಲ್ಯುಪಿಎ ತಾತ್ಕಾಲಿಕ ಪರಿಹಾರವಾಗಿತ್ತು. 2004ರ ಡಬ್ಲ್ಯುಪಿಎ-2 ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. 2017ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕ ಮಾಥಿ ವಾನ್‌ಹೂಫ್ ಅದರಲ್ಲಿಯೂ ಒಂದು ಲೋಪವನ್ನು ಪ್ರಕಟಿಸಿದರು. ತಂತ್ರಾಂಶವನ್ನು ನವೀಕರಿಸಿದ ಸಾಧನಗಳಲ್ಲಿ ಆ ಲೋಪ ಮುಚ್ಚಲ್ಪಟ್ಟಿದೆ. 2018ರಲ್ಲಿ ಡಬ್ಲ್ಯುಪಿಎ-3 ಬಂದಿತು. ರೂಟರು ಮತ್ತು ಸಾಧನಗಳೆರಡೂ ಒಪ್ಪುವುದಾದರೆ ಇದನ್ನೇ ಆರಿಸಿಕೊಳ್ಳುವುದು ಉತ್ತಮ, ಇಲ್ಲವಾದರೆ ಎಇಎಸ್ ಸಹಿತವಾದ ಡಬ್ಲ್ಯುಪಿಎ-2 ಸಾಕಾಗುತ್ತದೆ.

ಗುಪ್ತಪದ

ಡಬ್ಲ್ಯುಪಿಎ-2ರಲ್ಲಿ ಸಾಧನವು ಜಾಲವನ್ನು ಸೇರುವಾಗ ರೂಟರಿನೊಡನೆ ನಾಲ್ಕು ಸಂದೇಶಗಳ ವಿನಿಮಯ ನಡೆಯುತ್ತದೆ. ಸಮೀಪದಲ್ಲಿರುವವರು ಅದನ್ನು ಸೆರೆಹಿಡಿದು, ತಮ್ಮ ಗಣಕದಲ್ಲಿ ಬಿಡುವಾಗಿ ಕುಳಿತು ಒಂದೊಂದೇ ಗುಪ್ತಪದವನ್ನು ಪರೀಕ್ಷಿಸಬಹುದು. ರೂಟರಿಗೆ ಇದರ ಸುಳಿವೂ ಇರುವುದಿಲ್ಲ. ಹೀಗಾಗಿ ಭದ್ರತೆಯೆಲ್ಲವೂ ಗುಪ್ತಪದದ ಊಹಿಸಲಾಗದ ಗುಣದ ಮೇಲೆ ನಿಂತಿದೆ.

ಸಂಪರ್ಕ ಕೊಡಲು ಬಂದವರು ಗ್ರಾಹಕರ ಮೊಬೈಲ್ ಸಂಖ್ಯೆಯನ್ನೇ ಗುಪ್ತಪದವಾಗಿ ಇಟ್ಟುಹೋಗುವ ರೂಢಿ ನಮ್ಮಲ್ಲಿದೆ. ನೆನಪಿಡಲು ಇದು ಸುಲಭವೇ ಸರಿ, ಆದರೆ ಲೆಕ್ಕ ಹಾಕಿ ನೋಡಬೇಕು. ಭಾರತದ ಮೊಬೈಲ್ ಸಂಖ್ಯೆಗಳು 6ರಿಂದ 9ರವರೆಗಿನ ಅಂಕಿಯಿಂದ ಆರಂಭವಾಗುವುದರಿಂದ ಸಾಧ್ಯತೆಗಳು ಒಟ್ಟು 400 ಕೋಟಿ. ಸೆಕೆಂಡಿಗೆ 5 ಲಕ್ಷ ಊಹೆಗಳನ್ನು ಪರೀಕ್ಷಿಸುವ ಗಣಕವೊಂದು ಇವೆಲ್ಲವನ್ನೂ 8,000 ಸೆಕೆಂಡುಗಳಲ್ಲಿ, ಅಂದರೆ ಎರಡೂಕಾಲು ಗಂಟೆಯೊಳಗೆ ಮುಗಿಸುತ್ತದೆ. ಇಂದಿನ ಉತ್ತಮ ಗ್ರಾಫಿಕ್ಸ್ ಕಾರ್ಡುಗಳಿಗೆ ಈ ವೇಗ ಹೆಚ್ಚಿನದೇನಲ್ಲ. ಸಂಖ್ಯೆಯನ್ನು ಬಲ್ಲ ನೆರೆಯವರಿಗಂತೂ ಗಣಕದ ಅಗತ್ಯವೇ ಇಲ್ಲ.

ಗುಪ್ತಪದವು 8ರಿಂದ 63 ಅಕ್ಷರಗಳವರೆಗೆ ಇರಬಹುದು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಅದು ಉದ್ದವೂ ಆಗುತ್ತದೆ, ಮನೆಮಂದಿಗೆ ನೆನಪಿಡಲೂ ಬರುತ್ತದೆ. ಕನ್ನಡ ಪದಗಳನ್ನು ಬಳಸಬಹುದಾದರೂ ಮಾನಕವು ಕನ್ನಡ ಲಿಪಿಗೆ ಅವಕಾಶ ಕೊಟ್ಟಿಲ್ಲವಾದ್ದರಿಂದ ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ಗಾದೆ, ದೇವರ ಹೆಸರು, ಚಲನಚಿತ್ರದ ಹೆಸರುಗಳನ್ನು ಬಿಡುವುದು ಒಳ್ಳೆಯದು. ಜಾಲದ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು, ಆದರೆ ಅದಕ್ಕೆ ಮೀಸಲಾದ ಜಾಗ 32 ಬೈಟ್ ಮಾತ್ರ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತವೂ 3 ಬೈಟ್ ಹಿಡಿಯುವುದರಿಂದ ಹೆಸರು ಚಿಕ್ಕದಾಗಿರಬೇಕು. ಮನೆಯ ಸಂಖ್ಯೆ, ಯಜಮಾನರ ಹೆಸರು ಅದರಲ್ಲಿ ಬೇಡ.

ಡಬ್ಲ್ಯುಪಿಎಸ್ ಎಂಬ ಕಿಂಡಿ

ಗುಪ್ತಪದವನ್ನು ಟೈಪಿಸದೆ 8 ಅಂಕಿಗಳ ಪಿನ್‌ನಿಂದ ಸಾಧನವನ್ನು ಜೋಡಿಸುವ ಸೌಲಭ್ಯವೇ ಡಬ್ಲ್ಯುಪಿಎಸ್. ಇದರ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಹಾಕಿ ಬರುವಂಥದು. ಜೊತೆಗೆ ರೂಟರು ಪಿನ್‌ನ ಎರಡು ಅರ್ಧಗಳನ್ನು ಬೇರೆಬೇರೆಯಾಗಿ ತಾಳೆನೋಡುತ್ತದೆ. ಇದರಿಂದ ಕೋಟಿಗಟ್ಟಲೆ ಸಾಧ್ಯತೆಗಳು ಕೇವಲ 11,000ಕ್ಕೆ ಇಳಿಯುತ್ತವೆ. 2011ರ ಡಿಸೆಂಬರಿನಲ್ಲಿ ಇದು ಬಹಿರಂಗವಾಯಿತು. ಗುಪ್ತಪದ ಎಷ್ಟೇ ಗಟ್ಟಿಯಾಗಿದ್ದರೂ ಈ ದಾರಿ ತೆರೆದಿದ್ದರೆ ಪ್ರಯೋಜನವಿಲ್ಲ. ಏಳು ಸುತ್ತಿನ ಚಿತ್ರದುರ್ಗದ ಕೋಟೆಯೊಳಕ್ಕೆ ಹೈದರಾಲಿಯ ಸೈನಿಕರು ನುಸುಳಲು ಯತ್ನಿಸಿದ್ದು ಒಬ್ಬರೇ ತೂರಬಹುದಾದ ಕಿಂಡಿಯಿಂದ ಎಂಬ ಪ್ರತೀತಿ ಇಲ್ಲಿ ನೆನಪಾಗುತ್ತದೆ. ಅಲ್ಲಿ ಒನಕೆ ಓಬವ್ವ ಕಾದು ನಿಂತಿದ್ದಳು. ಹಳೆಯ ರೂಟರುಗಳು ತಪ್ಪು ಪಿನ್‌ಗಳನ್ನು ಲೆಕ್ಕವಿಡದೆ ಸ್ವೀಕರಿಸುತ್ತಲೇ ಇದ್ದವು. ಸಂಯೋಜನಾ ಪುಟದಲ್ಲಿ ಈ ಸೌಲಭ್ಯವನ್ನು ಆರಿಸಿಡಬೇಕು.

ರೂಟರಿನ ಸಂಯೋಜನೆ

ವೈ-ಫೈ ಗುಪ್ತಪದವಲ್ಲದೆ ರೂಟರಿನ ಸಂಯೋಜನಾ ಪುಟಕ್ಕೂ ಪ್ರತ್ಯೇಕ ಗುಪ್ತಪದವಿದೆ. ಅನೇಕ ರೂಟರುಗಳಲ್ಲಿ 192.168.1.1 ಅಥವಾ 192.168.0.1 ಎಂಬ ವಿಳಾಸದಿಂದ ಈ ಪುಟ ತೆರೆಯುತ್ತದೆ. ತಯಾರಕರು ಇಟ್ಟ 'ಅಡ್ಮಿನ್'ನಂತಹ ಪದವನ್ನು ಬದಲಿಸದಿದ್ದರೆ ಅಪಾಯ ನೆರೆಯಿಂದಷ್ಟೇ ಬರುವುದಿಲ್ಲ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶವು ಇಂತಹ ಕಾರ್ಖಾನೆಯ ಗುಪ್ತಪದಗಳ ಪಟ್ಟಿಯೊಂದರಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ದೂರದಿಂದ ನಿರ್ವಹಿಸುವ ಆಯ್ಕೆಯನ್ನು ಮುಚ್ಚುವುದು, ಒಳತಂತ್ರಾಂಶವನ್ನು ನವೀಕರಿಸುವುದು, ಅತಿಥಿಗಳಿಗೂ ಸಿಸಿ ಕ್ಯಾಮೆರಾದಂತಹ ಉಪಕರಣಗಳಿಗೂ ಪ್ರತ್ಯೇಕ ಅತಿಥಿ ಜಾಲವನ್ನು ಕೊಡುವುದು ಉಪಯುಕ್ತ ಕ್ರಮಗಳು.

ಜಾಲದ ಹೆಸರನ್ನು ಮರೆಮಾಡುವುದು ಮತ್ತು ಮ್ಯಾಕ್ ವಿಳಾಸದ ಸೋಸುವಿಕೆಯನ್ನು ಹಲವರು ಶಿಫಾರಸು ಮಾಡುತ್ತಾರೆ. ಇವುಗಳಿಂದ ಸಿಗುವ ರಕ್ಷಣೆ ಅತ್ಯಲ್ಪ: ಮರೆಸಿದ ಹೆಸರು ಸಾಧನಗಳು ಸೇರುವಾಗ ಗಾಳಿಯಲ್ಲಿಯೇ ಹೊರಬೀಳುತ್ತದೆ, ಮ್ಯಾಕ್ ವಿಳಾಸವನ್ನು ಯಾರಾದರೂ ನಕಲಿಸಬಹುದು.

ಕಾನೂನು

ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 43ನೆಯ ಪ್ರಕರಣದ ಪ್ರಕಾರ ಅನುಮತಿಯಿಲ್ಲದೆ ಗಣಕಜಾಲವನ್ನು ಪ್ರವೇಶಿಸಿದವರು ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಪ್ರಕರಣದಡಿ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸೈಬರ್ ಹಣಕಾಸು ವಂಚನೆ ನಡೆದಲ್ಲಿ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ದಾಖಲಿಸಬಹುದು.