ಭಾನುವಾರಕ್ಕೆ ಬೆಂಗಳೂರೇ ಆಗಬೇಕೆ?
ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಯವರ ಮನೆಗಳಲ್ಲಿ ಭಾನುವಾರ ಬಂತೆಂದರೆ ಮಕ್ಕಳದು ಒಂದೇ ರಾಗ: 'ಬೆಂಗಳೂರಿಗೆ ಹೋಗೋಣ!' ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, 2004ರಲ್ಲಿ ಶುರುವಾದ ರಂಗಶಂಕರದ ನಾಟಕ. ಆಸೆ ತಪ್ಪಲ್ಲ. ಆದರೆ ಕಡೂರಿನಿಂದಲೇ ಇನ್ನೂರು ಕಿ.ಮೀ. ಮೀರಿದ ದಾರಿ. ಎರಡು ದಿನ ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿ ಹಿಡೀತಾನೆ.

ತರೀಕೆರೆಯಿಂದ ಸುಮಾರು ಹತ್ತೇ ಕಿ.ಮೀ. ದೂರದ ಅಮೃತಾಪುರವನ್ನು ಎಷ್ಟು ಮಕ್ಕಳು ಕಂಡಿದ್ದಾರೆ? ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ತೆರೆದ ಮಂಟಪದ ಹೊರಗೋಡೆಯಲ್ಲಿ 140 ಶಿಲ್ಪಫಲಕಗಳಿವೆ. ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣಲೀಲೆ, ಮಹಾಭಾರತ. ಕವಿ ಜನ್ನ ರಚಿಸಿದ ಶಾಸನವೂ ಅಲ್ಲಿದೆ. ಕಥೆ ಬಲ್ಲ ಅಜ್ಜಿ ಜೊತೆಗಿದ್ದರೆ ಮಕ್ಕಳಿಗೆ ನಾಟಕ ನೋಡಿದಂತೆಯೇ! ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ, ಸಂಜೆ ದೀಪ ಹಚ್ಚೋ ಹೊತ್ತಿಗೆ ಅಂಗಡಿ ಬಾಗಿಲು ತೆಗೀಬಹುದು.