ಹಳೆ ವಿಮಾನ ಕೊಳ್ಳುವವರು ಮೊದಲು ಕೇಳುವುದು ಪುಸ್ತಕ

ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಓದುತ್ತಿದ್ದೇನೆ ಎಂದರೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಹಾಗಾದ್ರೆ ವಿಮಾನ ಯಾವಾಗ ಓಡಿಸ್ತೀಯ?' ಓಡಿಸುವುದಿಲ್ಲ, ಹಾರಲು ಯೋಗ್ಯವಾಗಿದೆಯೇ ಎಂದು ನೋಡುತ್ತೇನೆ ಎಂದರೆ 'ಅಷ್ಟೇನಾ' ಅಂತಾರೆ. ಆ 'ಅಷ್ಟೇ' ಎಷ್ಟು ದೊಡ್ಡದು ಅನ್ನುವುದು ಟ್ರೈನಿಯಾಗಿ ಮೊದಲ ಬಾರಿ ಸೆಕೆಂಡ್ ಹ್ಯಾಂಡ್ ವಿಮಾನವೊಂದರ ತಪಾಸಣೆಗೆ ಹೋದಾಗ ಗೊತ್ತಾಯಿತು.

ಕೊಳ್ಳುವವರು ಉತ್ತರ ಕರ್ನಾಟಕದ ಉದ್ಯಮಿ. ಬೆಳಗಾವಿ, ಬೆಂಗಳೂರು, ಹೈದರಾಬಾದ್ ನಡುವೆ ವಾರಕ್ಕೆರಡು ಸಲ ಓಡಾಟ. ರಸ್ತೆಯಲ್ಲಿ ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿ.ಮೀ., ಇಡೀ ದಿನ ಹೋಯಿತು ಅಂತಲೇ ಲೆಕ್ಕ. ಅವರು ನೋಡಿದ್ದು ಸೆಸ್ನಾ ಕ್ಯಾರವಾನ್. ಒಂದೇ ಎಂಜಿನ್, ಗಂಟೆಗೆ 300 ಕಿ.ಮೀ. ದಾಟುವ ವೇಗ, ಚಿಕ್ಕ ರನ್‌ವೇ ಸಾಕು. ಒಡಿಶಾದ ಜೇಪುರದಂಥ ಊರಿಗೆ ಉಡಾನ್ ಯೋಜನೆಯಡಿ ಹಾರಿದ್ದೂ ಇದೇ ಜಾತಿಯ ವಿಮಾನ.

ಹ್ಯಾಂಗರ್‌ನಲ್ಲಿ ಅದು ಫಳಫಳ ಹೊಳೆಯುತ್ತಿತ್ತು. ಹೊಸ ಬಣ್ಣ, ಹೊಸ ಚರ್ಮದ ಸೀಟು. ನಮ್ಮ ಸೀನಿಯರ್ ಎಂಜಿನಿಯರ್ ಅತ್ತ ತಿರುಗಿಯೂ ನೋಡದೆ, 'ಲಾಗ್‌ಬುಕ್ ತನ್ನಿ' ಅಂದರು. ಮೂರು ಪೆಟ್ಟಿಗೆ ಬಂತು. ಎರಡು ದಿನ ನಾವಿಬ್ಬರೂ ಓದಿದ್ದು ಅದನ್ನೇ.

ಇದರ ಎಂಜಿನ್ ಪ್ರಾಟ್ ಆ್ಯಂಡ್ ವಿಟ್ನಿ ಕೆನಡಾದ ಪಿಟಿ6. ಗಾಳಿ ಹಿಂಬದಿಯಿಂದ ಒಳಹೊಕ್ಕು, ಹೊಗೆ ಮುಂಭಾಗದಲ್ಲಿ ಪ್ರೊಪೆಲ್ಲರ್ ಹತ್ತಿರ ಹೊರಬರುವ ತಮಾಷೆಯ ರಚನೆ. ಸಾಮಾನ್ಯವಾಗಿ 3,600 ಗಂಟೆಗೆ ಪೂರ್ಣ ಓವರ್‌ಹಾಲ್, ಅದರ ಅರ್ಧದಾರಿಯಲ್ಲಿ ಬಿಸಿಭಾಗದ ತಪಾಸಣೆ. ನಾವು ನೋಡಿದ ಎಂಜಿನ್ 2,900 ಗಂಟೆ ಓಡಿತ್ತು. ಉಳಿದದ್ದು 700. ವರ್ಷಕ್ಕೆ 300 ಗಂಟೆ ಹಾರಿದರೆ ಎರಡು ವರ್ಷ ಚಿಲ್ಲರೆ. ಆಮೇಲಿನ ಓವರ್‌ಹಾಲ್ ಬಿಲ್ ಕೋಟಿಗಳಲ್ಲಿ. ಬ್ರೋಕರ್ ಹೇಳಿದ 'ಒಳ್ಳೆ ರೇಟಿ'ನಲ್ಲಿ ಇದು ಸೇರಿರಲಿಲ್ಲ. ಗಂಟೆಯಷ್ಟೇ ಅಲ್ಲ, ಎಂಜಿನ್ ಎಷ್ಟು ಬಾರಿ ಸ್ಟಾರ್ಟ್ ಆಗಿ ನಿಂತಿದೆ ಎಂಬ ಲೆಕ್ಕವೂ ಬೇಕು; ಒಳಗಿನ ತಿರುಗುವ ಡಿಸ್ಕ್‌ಗಳ ಆಯುಷ್ಯ ಅದರ ಮೇಲೆ ನಿಂತಿದೆ. ಗಿಡ್ಡ ಗಿಡ್ಡ ಹಾರಾಟ ಮಾಡಿದ ವಿಮಾನ ಗಂಟೆಯಲ್ಲಿ ಚಿಕ್ಕದಾಗಿ ಕಂಡರೂ ಈ ಲೆಕ್ಕದಲ್ಲಿ ಮುದಿಯಾಗಿರಬಹುದು.

ಎರಡನೇ ದಿನ ಮಧ್ಯಾಹ್ನ ನನ್ನ ಕಣ್ಣಿಗೆ ಬಿದ್ದದ್ದು ಒಂದು ಖಾಲಿ ಜಾಗ. ಐದು ತಿಂಗಳು ಹಾರಾಟವಿಲ್ಲ. ನಿಂತ ಎಂಜಿನ್‌ಗೆ ಮಾಡಬೇಕಾದ ಸಂರಕ್ಷಣೆಯ ದಾಖಲೆಯೂ ಇಲ್ಲ. ಸೀನಿಯರ್‌ಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: 'ಆಗ ಇದು ಎಲ್ಲಿ ನಿಂತಿತ್ತು?' ಕಡಲ ತೀರದಲ್ಲಿ, ಮಳೆಗಾಲದಲ್ಲಿ.

ಇಂಧನದ ನಳಿಕೆ ಕಳಚಿ, ಆ ರಂಧ್ರದಿಂದ ಬೋರೋಸ್ಕೋಪ್ ಇಳಿಸಿದೆವು. ಪರದೆಯ ಮೇಲೆ ಟರ್ಬೈನ್ ರೆಕ್ಕೆಗಳು ಒಂದೊಂದಾಗಿ ಬಂದವು. ಕೆಲವು ರೆಕ್ಕೆಗಳ ಮೇಲ್ಮೈ ಗುಳ್ಳೆಯೆದ್ದು ಪದರು ಬಿಟ್ಟಿತ್ತು. ಉಪ್ಪು ಮತ್ತು ಇಂಧನದ ಗಂಧಕ ಸೇರಿ ಬಿಸಿಯಲ್ಲಿ ಲೋಹ ತಿನ್ನುವ ಸಲ್ಫಿಡೇಶನ್ ಎಂಬ ಕಾಯಿಲೆ. ಪಠ್ಯದಲ್ಲಿ ಎರಡು ಅಂಕದ ಪ್ರಶ್ನೆಗೆ ಓದಿದ್ದೆ. ಒಂದೇ ಎಂಜಿನ್ ಇರುವ ವಿಮಾನದಲ್ಲಿ, ಒಂಬತ್ತು ಜನ ಕೂತಿರುವಾಗ, ಅದರ ತೂಕವೇ ಬೇರೆ.

ಬ್ರೋಕರ್‌ಗೆ ಸಿಟ್ಟು ಬಂತು. 'ಹಾರುತ್ತಿರುವ ವಿಮಾನ ಸ್ವಾಮಿ, ಸರ್ಟಿಫಿಕೇಟ್ ಇದೆ' ಎಂದರು. ಅದು ಸುಳ್ಳಲ್ಲ. ಆದರೆ ಕೊಳ್ಳುವವರ ಪರ ತಪಾಸಣೆಗೆ ಬಂದವರು ಮಾರುವವರ ಮಾತಿಗೆ ತಲೆಯಾಡಿಸಬಾರದು. ತಪಾಸಣೆಯನ್ನು ಮಾರುವವರ ವರ್ಕ್‌ಶಾಪಿಗೇ ಒಪ್ಪಿಸುವುದು ನನ್ನ ಪ್ರಕಾರ ಶುದ್ಧ ದಡ್ಡತನ. ಸೀನಿಯರ್ ವರದಿಯಲ್ಲಿ ಫೋಟೊಗಳನ್ನಿಟ್ಟು, ರೆಕ್ಕೆ ಬದಲಿಸುವ ಖರ್ಚು ಮಾರುವವರದ್ದಾಗದಿದ್ದರೆ ಬೇಡ ಎಂದು ಬರೆದರು. ಉದ್ಯಮಿಗೆ ಬೇಸರವಾಯಿತು. ಬಣ್ಣ ಅವರಿಗೆ ತುಂಬಾ ಹಿಡಿಸಿತ್ತು.

ಈ ಕೆಲಸಕ್ಕೆ ಬರಬೇಕೆನ್ನುವವರಿಗೆ ಹೇಳುವುದಿದೆ: ಡಿಜಿಸಿಎ ಪರೀಕ್ಷೆಗಳು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ವರ್ಷ ಡಿಕ್ಷನರಿಯೇ ಪಠ್ಯವಾಗಿತ್ತು. ಟರ್ಬೈನ್ ವಿಮಾನಗಳಿಗೆ ಬೇಕಾದದ್ದು ಬಿ1.1 ಲೈಸೆನ್ಸ್. ಸ್ಪ್ಯಾನರ್ ಹಿಡಿಯುವವರಷ್ಟೇ ದಾಖಲೆ ಓದುವವರೂ ಇಲ್ಲಿ ಬೇಕು, ಆ ವಿಭಾಗಕ್ಕೆ ಅರ್ಜಿ ಹಾಕುವವರು ಮಾತ್ರ ಕಡಿಮೆ.

ಮಾರುವವರು ಖರ್ಚು ಒಪ್ಪಲಿಲ್ಲ. ಉದ್ಯಮಿ ಈಗ ಇನ್ನೊಂದು ಕ್ಯಾರವಾನ್ ನೋಡಿದ್ದಾರೆ. ಅದರ ಲಾಗ್‌ಬುಕ್ ಮೊನ್ನೆ ಬಂತು, ಈ ಸಲ ನಾಲ್ಕು ಪೆಟ್ಟಿಗೆ.