ಎಳೆಯ ಆಟಗಾರನ ಗುರಿ: ಬ್ಯಾಸ್ಕೆಟ್‌ಬಾಲ್ ದಾಖಲೆಗಳನ್ನು ಕುರಿತು ಒಂದು ವಿಚಾರ

ಬೆಳಗಾವಿಯ ನೆಹರು ನಗರದ ಅಂಗಣವೊಂದರಲ್ಲಿ ಸಂಜೆಯ ಹೊತ್ತು ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರನ್ನು ನಾವು ಹಲವು ಸಲ ನಿಂತು ನೋಡಿದ್ದೇವೆ. ಓಟದಲ್ಲಿ ಚುರುಕು, ನೆಗೆತದಲ್ಲಿ ಬಲ, ಆದರೆ ಎಸೆದ ಚೆಂಡು ಮಾತ್ರ ಉಂಗುರಕ್ಕೆ ತಾಗಿ ಸಿಡಿಯುವುದು. ಇಂಥ ಹುಡುಗನೊಬ್ಬ ಪ್ರತಿ ಗುಂಪಿನಲ್ಲಿಯೂ ಇದ್ದೇ ಇರುತ್ತಾನೆ. ‘ಇವನ ಕೈಯಲ್ಲಿ ಗುರಿಯಿಲ್ಲ’ ಎಂದು ಅಂಚಿನಲ್ಲಿ ನಿಂತವರು ಹದಿನಾರನೆಯ ವಯಸ್ಸಿಗೇ ತೀರ್ಪು ಕೊಟ್ಟುಬಿಡುತ್ತಾರೆ. ಕಾಲೇಜು ತಂಡದ ಆಯ್ಕೆಯೂ ಅನೇಕ ವೇಳೆ ಆ ತೀರ್ಪನ್ನೇ ಅನುಸರಿಸುತ್ತದೆ. ಇತಿಹಾಸದ ಅಧ್ಯಾಪಕರು ಆಟದ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಅಲ್ಪ ಸಾಕ್ಷ್ಯದಿಂದ ದೊಡ್ಡ ನಿರ್ಣಯಕ್ಕೆ ಹಾರುವ ದೋಷವು ನಮ್ಮ ಶಾಸ್ತ್ರಕ್ಕೆ ಚಿರಪರಿಚಿತವಾದುದು.

ಮೊದಲು ‘ದಕ್ಷ’ ಎಂಬ ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. 22 ಎಸೆತಗಳಿಂದ 20 ಅಂಕ ಗಳಿಸಿದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. 10 ಎಸೆತಗಳಿಂದ 14 ಅಂಕ ತಂದವನನ್ನು ಯಾರೂ ಗಮನಿಸುವುದಿಲ್ಲ. ತಂಡಕ್ಕೆ ಹೆಚ್ಚು ಉಪಕಾರಿಯಾದವನು ಎರಡನೆಯವನೇ. ಒಂದು ಎಸೆತಕ್ಕೆ ದೊರೆತ ಅಂಕವೆಷ್ಟು ಎಂಬುದೇ ದಕ್ಷತೆಯ ಅಳತೆ. ಹೀಗಿರಲು, 6.75 ಮೀಟರಿನ ಗೆರೆಯಾಚೆಯಿಂದ ಮೂರರಲ್ಲಿ ಒಂದನ್ನು ಹಾಕುವವನೂ ಒಳಗಿನಿಂದ ಎರಡರಲ್ಲಿ ಒಂದನ್ನು ಹಾಕುವವನೂ ಸಮಾನರು.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಅವರು ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿದರು. ನಿಯಮಗಳೆಷ್ಟೋ ಬದಲಾದರೂ ಆ ಎತ್ತರ ಇಂದಿಗೂ ಹಾಗೆಯೇ ಉಳಿದಿದೆ. ಈಗಿನ ಉಂಗುರದ ವ್ಯಾಸ 45 ಸೆಂ.ಮೀ.; ಪುರುಷರ ಆಟದ ಚೆಂಡಿನ ವ್ಯಾಸ ಸುಮಾರು 24 ಸೆಂ.ಮೀ. ನೇರ ಮೇಲಿನಿಂದ ಇಳಿಯುವ ಚೆಂಡಿಗೆ 45 ಸೆಂ.ಮೀ. ಅಗಲದ ಬಾಯಿ ತೆರೆದಿರುತ್ತದೆ. 45 ಡಿಗ್ರಿ ಕೋನದಲ್ಲಿ ಇಳಿಯುವುದಕ್ಕೆ ಅದು 32 ಸೆಂ.ಮೀ.ಗೆ ಕುಗ್ಗುತ್ತದೆ. 30 ಡಿಗ್ರಿಯಲ್ಲಿ ಬಂದರೆ ಉಳಿಯುವುದು ಇಪ್ಪತ್ತೆರಡೂವರೆ, ಎಂದರೆ ಚೆಂಡಿಗಿಂತಲೂ ಕಿರಿದು! ಬಲವಾಗಿ ಚಪ್ಪಟೆಯಾಗಿ ಎಸೆಯುವ ಹುಡುಗನ ‘ಗುರಿಯಿಲ್ಲದಿರುವಿಕೆ’ಯಲ್ಲಿ ಬಹುಭಾಗ ಇದೇ ಆಗಿರುತ್ತದೆ. ಇದು ಜನ್ಮದೋಷವಲ್ಲ, ತಿದ್ದಬಹುದಾದ ಅಭ್ಯಾಸ.

ತಿದ್ದಿಕೊಂಡವರ ನಿದರ್ಶನವುಂಟೆ? ಯಾರೂ ಅಡ್ಡ ನಿಲ್ಲದ, ದೂರವೂ ಬದಲಾಗದ ಮುಕ್ತ ಎಸೆತವೇ ಈ ಪರೀಕ್ಷೆಗೆ ತಕ್ಕ ಒರೆಗಲ್ಲು. ಅಮೆರಿಕದ ವೃತ್ತಿಪರ ಸಂಘದಲ್ಲಿ 1985-86ರಲ್ಲಿ ಆಡತೊಡಗಿದ ಕಾರ್ಲ್ ಮಲೋನ್ ಅವರು ಮೊದಲ ವರ್ಷ ನೂರಕ್ಕೆ 48.1 ಮುಕ್ತ ಎಸೆತಗಳನ್ನು ಮಾತ್ರ ಹಾಕಿದರು. ಎರಡನೆಯ ವರ್ಷ 59.8, ಮೂರನೆಯ ವರ್ಷ 70, ನಾಲ್ಕನೆಯ ವರ್ಷ 76.6. ಅವರು 2004ರವರೆಗೆ ಆಡಿ ಸಾರ್ಥಕಗೊಳಿಸಿದ ಮುಕ್ತ ಎಸೆತಗಳು 9,787. ಅಲ್ಲಿಯವರೆಗೆ ಆ ಸಂಘದಲ್ಲಿ ಮತ್ತಾರೂ ಅಷ್ಟನ್ನು ಹಾಕಿರಲಿಲ್ಲ. ಮೊದಲ ವರ್ಷದ ಲೆಕ್ಕವನ್ನಷ್ಟೇ ಹಿಡಿದು ನೋಡಿದವರಿಗೆ ಇದರ ಸುಳಿವು ಸಿಗುವಂತಿರಲಿಲ್ಲ.

ಇದಕ್ಕೆ ವಿರುದ್ಧವಾದುದು ವಿಲ್ಟ್ ಚೇಂಬರ್ಲೇನ್ ಅವರ ಕಥೆ. ಎರಡೂ ಕೈಗಳಿಂದ ಕೆಳಗಿನಿಂದ ಮೇಲಕ್ಕೆ ತೂರುವ ಹಳೆಯ ರೀತಿಯನ್ನು 1961-62ರಲ್ಲಿ ಅವರು ಅನುಸರಿಸಿದಾಗ ಪ್ರಮಾಣ ನೂರಕ್ಕೆ 61.3ಕ್ಕೆ ಏರಿತು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗ 32 ಮುಕ್ತ ಎಸೆತಗಳಲ್ಲಿ 28 ಒಳಹೊಕ್ಕವು. ಆದರೂ ಅವರು ಆ ರೀತಿಯನ್ನು ಬಿಟ್ಟರು. ಹಾಗೆ ಎಸೆಯುವಾಗ ತಾವು ನಗೆಪಾಟಲಾದಂತೆ ಅನಿಸುತ್ತಿತ್ತೆಂದು ಮುಂದೆ ತಾವೇ ಒಪ್ಪಿಕೊಂಡರು. 1967-68ರಲ್ಲಿ ಪ್ರಮಾಣ 38ಕ್ಕೆ ಇಳಿದಿದ್ದಿತು. ಕೆಳಗಿನಿಂದಲೇ ಎಸೆಯುತ್ತಿದ್ದ ರಿಕ್ ಬ್ಯಾರಿ ಅವರು ನೂರಕ್ಕೆ ಸುಮಾರು 90 ಹಾಕಿದರೆಂಬುದನ್ನು ನೆನೆದರೆ, ಕೈಗಿಂತ ಸಂಕೋಚವೇ ಹೆಚ್ಚು ಅಂಕ ಕಳೆಯಿತೆನ್ನಬೇಕಾಗುತ್ತದೆ.

ಎಲ್ಲರೂ ತಿದ್ದಿಕೊಳ್ಳುವರೆಂದು ನಾವು ಹೇಳುತ್ತಿಲ್ಲ. ಶಾಕೀಲ್ ಓನೀಲ್ ಅವರ ಮುಕ್ತ ಎಸೆತ ಕೊನೆಯವರೆಗೂ ನೂರಕ್ಕೆ 52.7ರಲ್ಲಿಯೇ ನಿಂತಿತು. ಆದರೆ ಅವರು ಬುಟ್ಟಿಯ ಹತ್ತಿರವೇ ಆಡಿ ಅಂಗಣದ ಎಸೆತಗಳಲ್ಲಿ ನೂರಕ್ಕೆ 58.2ನ್ನು ಹಾಕಿದರು. ಎಲ್ಲಿಂದ ಎಸೆಯಬಾರದೆಂದು ತಿಳಿಯುವುದೂ ದಕ್ಷತೆಗೆ ಒಂದು ದಾರಿಯೇ. ಇತ್ತ ನಮ್ಮ ನಾಡಿನಲ್ಲಿಯೇ, 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ಪಿನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಾಕಸ್ತಾನವನ್ನು ಸೋಲಿಸಿದುದು 75-73ರಿಂದ. ಎರಡು ಮುಕ್ತ ಎಸೆತಗಳ ಅಂತರ!

ಇನ್ನು ಆಯ್ಕೆಯ ಮಾತು. ನಿಜವಾಗಿ ಎರಡರಲ್ಲಿ ಒಂದನ್ನು ಹಾಕಬಲ್ಲ ಹುಡುಗನಿಗೆ 20 ಎಸೆತಗಳ ಪರೀಕ್ಷೆ ಕೊಟ್ಟರೆ, ಕೇವಲ ಆಕಸ್ಮಿಕದಿಂದಲೇ ನಾಲ್ಕು ಸಲಕ್ಕೆ ಒಂದು ಸಲ ಅವನು 8 ಅಥವಾ ಅದಕ್ಕಿಂತ ಕಡಿಮೆ ಹಾಕುವನು. ಇನ್ನೊಂದು ಸಲ 12 ಅಥವಾ ಅದಕ್ಕಿಂತ ಹೆಚ್ಚು. ಹುಡುಗ ಒಬ್ಬನೇ, ತೀರ್ಪು ಎರಡು. 400 ಎಸೆತಗಳಾದರೆ ಬಹುತೇಕ 180ರಿಂದ 220ರ ಒಳಗೇ ನಿಲ್ಲುವನು. ನಮ್ಮ ಭಾಗದ ಗರಡಿಮನೆಗಳಲ್ಲಿ ಮೊದಲ ತಿಂಗಳ ಪಟ್ಟುಗಳನ್ನು ಕಂಡು ಹುಡುಗನನ್ನು ಯಾರೂ ಮನೆಗೆ ಕಳುಹಿಸುವುದಿಲ್ಲ. ಆಟದ ಅಂಗಣದಲ್ಲಿಯೂ ದಿನಕ್ಕೆ 20ರಂತೆ ಎಸೆಯಿಸಿ ವಹಿಯಲ್ಲಿ ಬರೆದಿಟ್ಟರೆ 400ಕ್ಕೆ ಇಪ್ಪತ್ತೇ ದಿನ ಸಾಕು. ಜೂನಿನಲ್ಲಿ ಒಮ್ಮೆ, ಚೆಂಡಿನ ಕಮಾನನ್ನು ತಿದ್ದಿದ ಬಳಿಕ ಡಿಸೆಂಬರಿನಲ್ಲಿ ಮತ್ತೊಮ್ಮೆ ಹೀಗೆ ಬರೆದಿಟ್ಟು, ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ತಂಡದ ಪಟ್ಟಿಯನ್ನು ಬರೆಯಬಹುದು.